ಚೋಣಕ್ ಮರಿ ತಿನ್ನುತ್ತಿಲ್ಲವೇ? ಮೀನಿನ ವೇಸ್ಟ್‌ನಿಂದ ಮಾಡಿದ ಆಹಾರದಲ್ಲಿ ದೋಷ ಹುಡುಕುವ ಬಗೆ

ಕಾರವಾರದ ಕಾಳಿ ನದಿಯ ಹಿನ್ನೀರಿನಲ್ಲಿ ಪಂಜರ ಹಾಕಿ ಚೋಣಕ್ ಸಾಕುವ ಗೆಳೆಯರು ಫೋನ್ ಮಾಡಿದರೆ ಮಾತು ಶುರುವಾಗುವುದೇ ಹೀಗೆ: "ಮರಿ ತಿಂತಾ ಇಲ್ಲ ಮಾರಾಯಾ, ಹಿಟ್ಟು ಜಾಸ್ತಿ ಮಾಡ್ಲಾ, ಕಮ್ಮಿ ಮಾಡ್ಲಾ?" ಹಿಟ್ಟಿನ ಮಾತು ಆಮೇಲೆ. ನಾನು ಮೊದಲು ಕೇಳುವುದು, "ತಲೆ-ಮುಳ್ಳು ತಂದ ಬಕೆಟ್‌ನಲ್ಲಿ ಐಸ್ ಇತ್ತಾ?" ಅಂತ. ಕೆಲವು ವರ್ಷಗಳಿಂದ ಮೀನು ಮಾರ್ಕೆಟ್ಟಿನ ವೇಸ್ಟ್‌ನಲ್ಲೇ ಮರಿಗಳಿಗೆ ಆಹಾರ ಮಾಡಿಕೊಂಡು ಬಂದಿದ್ದೇನೆ. ನಾನು ಕೆಡಿಸಿಕೊಂಡ ಬ್ಯಾಚ್‌ಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿದ್ದು ಒಲೆಯ ಮೇಲೆ ಏರುವ ಮೊದಲೇ. ಹಾಗಾಗಿ ಈ ಕೈಪಿಡಿ ಉಲ್ಟಾ ನಡೆಯುತ್ತದೆ. ಪಂಜರದಿಂದ ಹೊರಟು, ಆಹಾರದ ಗುಳಿಗೆ ನೋಡಿ, ಮೀನಿನ ಹೊಟ್ಟೆ ನೋಡಿ, ಡ್ರಮ್ಮು ನೋಡಿ, ಕೊನೆಗೆ ಮಾರ್ಕೆಟ್ಟಿನ ಬಕೆಟ್‌ಗೆ ಹೋಗಿ ಮುಟ್ಟುತ್ತದೆ.

ಚೋಣಕ್ ಅಂದರೆ ಸೀಬಾಸ್. ಕಾರವಾರದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇರುವುದರಿಂದ ಪಂಜರ, ಹಾಪಾ (ಮರಿ ಬಿಡುವ ಸಣ್ಣ ಕಣ್ಣಿನ ಬಲೆಚೀಲ), ಮರಿ ಅಂದರೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಹೇಳುತ್ತಿರುವುದು 5 ಗ್ರಾಂನಿಂದ 50 ಗ್ರಾಂವರೆಗಿನ ಮರಿಗಳ ವಿಷಯ. ಈ ವಯಸ್ಸಿಗೆ ಆಹಾರದಲ್ಲಿ ಶೇ. 45ರಿಂದ 50ರಷ್ಟು ಪ್ರೋಟೀನ್ ಬೇಕು. ದೊಡ್ಡ ಮೀನು ಒಂದು ವಾರದ ಕೆಟ್ಟ ಊಟವನ್ನು ಹೇಗೋ ತಡೆದುಕೊಳ್ಳುತ್ತದೆ. ಮರಿ ತಡೆದುಕೊಳ್ಳುವುದಿಲ್ಲ. ನನ್ನ ಮಿಶ್ರಣ ದೊಡ್ಡ ಗುಟ್ಟೇನಲ್ಲ: ಬೇಯಿಸಿದ ಮೀನಿನ ವೇಸ್ಟ್, ಸೋಯಾ ಹಿಟ್ಟು, ಅಂಟಿಗೆ ಸ್ವಲ್ಪ ಗೋಧಿ ಹಿಟ್ಟು, ವಿಟಮಿನ್-ಖನಿಜದ ಪುಡಿ. ಎಲ್ಲ ಕಲೆಸಿ ಚಕ್ಕುಲಿ ಒರಳಿನಲ್ಲಿ ಒತ್ತಿ ಗುಳಿಗೆ ಮಾಡುವುದು.

ಮೊದಲು, ಇದು ಆಹಾರದ್ದೇ ತಪ್ಪಾ?

ಅರ್ಧ ಸಲ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತಿಯ ಸೆಳೆತ ಜೋರಾಗಿರುತ್ತದೆ. ಹಾಕಿದ ಗುಳಿಗೆ ಮರಿಯ ಬಾಯಿಗೆ ಸಿಗುವ ಮೊದಲೇ ಬಲೆಯಾಚೆ ಹೋಗಿರುತ್ತದೆ. ನೀರು ನಿಂತ ಹೊತ್ತಿನಲ್ಲಿ ಹಾಕಿ ನೋಡಿ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ದರೆ ಮರಿ ಬಾಯಿ ತೆರೆಯುವುದು ಉಸಿರಿಗೆ, ಊಟಕ್ಕಲ್ಲ. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ನೀರು ಬಿಟ್ಟರೆ ಎರಡು ದಿನದಲ್ಲಿ ಉಪ್ಪು ನೀರು ಸಿಹಿಯಾಗಿ, ಕೆಂಪಾಗಿ ಹರಿಯುತ್ತದೆ. ಚೋಣಕ್ ಸಿಹಿನೀರಿನಲ್ಲೂ ಬದುಕುತ್ತದೆ, ಆದರೆ ದಿಢೀರ್ ಬದಲಾವಣೆಗೆ ಎರಡು ಮೂರು ದಿನ ಮುನಿಸಿಕೊಳ್ಳುತ್ತದೆ.

ಇನ್ನೊಂದು, ಗಾತ್ರ. ಚೋಣಕ್ ತನ್ನ ತಮ್ಮನನ್ನೇ ನುಂಗುವ ಜಾತಿ. ಒಂದೇ ಹಾಪಾದಲ್ಲಿ ದೊಡ್ಡದು, ಚಿಕ್ಕದು ಬೆರೆತಿದ್ದರೆ ಚಿಕ್ಕವು ಮೂಲೆ ಬಿಟ್ಟು ಬರುವುದಿಲ್ಲ. ವಾರಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡದೆ ಆಹಾರವನ್ನು ಬೈಯುವುದು ಸರಿಯಲ್ಲ.

ಅನುಮಾನ ಉಳಿದರೆ ಸುಲಭದ ದಾರಿ ಇದೆ. ಒಂದೇ ಗಾತ್ರದ ಮೂವತ್ತು ಮರಿಗಳನ್ನು ಪಕ್ಕದ ಹಾಪಾಕ್ಕೆ ಬಿಟ್ಟು ಅಂಗಡಿಯ ಪೆಲೆಟ್ ಹಾಕಿ. ಹೊಸ ರುಚಿಗೆ ಒಗ್ಗಲು ಎರಡು ಮೂರು ದಿನ ಕೊಡಿ. ಆಮೇಲೂ ತಿನ್ನದಿದ್ದರೆ ತಪ್ಪು ನೀರಿನದು ಅಥವಾ ರೋಗದ್ದು. ಅವು ಮುಗಿಬಿದ್ದು ತಿಂದರೆ ಮುಂದೆ ಓದಿ.

ಲೋಟದ ಪರೀಕ್ಷೆ

ಪಂಜರದ ನೀರನ್ನೇ ಗಾಜಿನ ಲೋಟದಲ್ಲಿ ತುಂಬಿ, ಐದಾರು ಗುಳಿಗೆ ಬಿಡಿ. ಕೈ ಹಾಕಬೇಡಿ, ಸುಮ್ನೆ ನೋಡಿ. ಒಳ್ಳೆಯ ಗುಳಿಗೆ ನಿಧಾನಕ್ಕೆ ಇಳಿಯುತ್ತದೆ, ಹತ್ತು ಹದಿನೈದು ನಿಮಿಷವಾದರೂ ಆಕಾರ ಬಿಡುವುದಿಲ್ಲ. ಹಾಕಿದ ಕೂಡಲೇ ಕಲ್ಲಿನ ಹಾಗೆ ತಳ ಸೇರಿದರೆ ಮುಳ್ಳಿನ ಪಾಲು ಜಾಸ್ತಿಯಾಗಿದೆ, ಅಥವಾ ತುಂಬ ಗಟ್ಟಿಯಾಗಿ ಒತ್ತಿದ್ದೀರಿ. ಒಂದೇ ನಿಮಿಷದಲ್ಲಿ ಮೋಡದ ಹಾಗೆ ಬಿಚ್ಚಿಕೊಂಡರೆ ಹಿಟ್ಟು ಬೆಂದಿಲ್ಲ. ನೀರಿನ ಮೇಲೆ ಎಣ್ಣೆಯ ಬಣ್ಣದ ಪದರ ಹರಡಿದರೆ ತಾರ್ಲೆಯ (ಭೂತಾಯಿ ಮೀನಿನ) ಎಣ್ಣೆಯನ್ನು ನೀವು ತೆಗೆದಿಲ್ಲ.

ಈ ತೇಲುವ ಮುಳುಗುವ ವಿಷಯ ಚೋಣಕ್‌ಗೆ ಮುಖ್ಯ, ಯಾಕೆಂದರೆ ಅದು ಬೀಳುತ್ತಿರುವ ಆಹಾರವನ್ನು ಹಾರಿ ಹಿಡಿಯುತ್ತದೆ. ತಳಕ್ಕೆ ಬಿದ್ದದ್ದನ್ನು ಮೂಸಿಯೂ ನೋಡುವುದಿಲ್ಲ. ಸ್ಟರ್ಜನ್ ಇದಕ್ಕೆ ಪೂರಾ ಉಲ್ಟಾ. ಕ್ಯಾವಿಯರ್‌ಗೆ ಸಾಕುವ ಆ ತಣ್ಣೀರಿನ ಮೀನಿಗೆ ಬಾಯಿಯ ಮುಂದೆ ನಾಲ್ಕು ಮೀಸೆ, ಬಾಯಿ ಕೆಳಗಡೆ. ತಳದಲ್ಲಿ ತಡಕಾಡಿ ಹೀರಿಕೊಳ್ಳುತ್ತದೆ. ಅದರ ಮರಿಗೆ ಮಾಡುವ ಗುಳಿಗೆ ಮುಳುಗಲೇಬೇಕು, ತಳದಲ್ಲಿ ಕರಗದೆ ಕಾಯಬೇಕು. ಇಂಟರ್ನೆಟ್ಟಿನಲ್ಲಿ ಸಿಕ್ಕ ಸ್ಟರ್ಜನ್ ಆಹಾರದ ಲೆಕ್ಕವನ್ನು ಹಾಗೇ ತಂದು ಚೋಣಕ್‌ಗೆ ಮಾಡಿದ ಗೆಳೆಯನೊಬ್ಬನಿದ್ದಾನೆ. ಅವನ ಪಂಜರದ ಕೆಳಗೆ ಏಡಿಗಳು ಚೆನ್ನಾಗಿ ಬೆಳೆದವು.

ಬಿಚ್ಚಿಕೊಳ್ಳುವ ಗುಳಿಗೆಗೆ ಮದ್ದು ಹಬೆ. ಗೋಧಿ ಹಿಟ್ಟು ಬೇಯದೆ ಅಂಟುವುದಿಲ್ಲ. ಮೀನು, ಹಿಟ್ಟು ಎರಡನ್ನೂ ಕಲೆಸಿ ಇಡ್ಲಿಯ ಹಾಗೆ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ವಿಟಮಿನ್ ಪುಡಿ ಕಲೆಸಿ, ಆಮೇಲೆ ಒರಳು. ಇಲ್ಲಿ ಅವಸರ ಮಾಡಿ ವಿಟಮಿನ್ ಮೊದಲೇ ಹಾಕಿ ಬೇಯಿಸಿದರೆ ಸಿ ವಿಟಮಿನ್ ಹಬೆಯಲ್ಲೇ ಹೋಗುತ್ತದೆ. ಒಂದೆರಡು ತಿಂಗಳ ಮೇಲೆ ಬೆನ್ನು ಡೊಂಕಾದ ಮರಿ ಕಂಡರೆ ಈ ತಪ್ಪನ್ನು ನೆನಪಿಸಿಕೊಳ್ಳಿ. ಅಂಟಲಿ ಅಂತ ಹಿಟ್ಟು ಸುರಿಯುವುದೂ ಬೇಡ. ಚೋಣಕ್ ಮಾಂಸ ತಿನ್ನುವ ಮೀನು, ಪಿಷ್ಟ ಅದಕ್ಕೆ ಸರಿಯಾಗಿ ಅರಗುವುದಿಲ್ಲ.

ಬಾಯಿಗೆ ಹಾಕಿಕೊಂಡು ಉಗುಳುತ್ತದೆ

ಬರುತ್ತದೆ, ಹಿಡಿಯುತ್ತದೆ, ಅರೆ ಕ್ಷಣದಲ್ಲಿ ಉಗುಳುತ್ತದೆ. ಹಾಗಾದರೆ ಕಣ್ಣಿಗೆ ಒಪ್ಪಿಗೆಯಾಗಿದೆ, ನಾಲಿಗೆಗೆ ಆಗಿಲ್ಲ. ಗುಳಿಗೆ ಬಾಯಿಗಿಂತ ದೊಡ್ಡದಾ, ಕಲ್ಲಿನಂತಿದೆಯಾ ಅಂತ ಮೊದಲು ನೋಡಿ. 5 ಗ್ರಾಂ ಮರಿಗೆ 2 ಮಿಲಿಮೀಟರ್ ಅಚ್ಚು ಸಾಕು.

ಅದು ಸರಿ ಇದ್ದರೆ, ಮೀನು ಬೇಯಿಸಿದ ನೀರನ್ನು ಏನು ಮಾಡಿದಿರಿ? ಇದು ನಾನು ಎರಡು ಸೀಸನ್ ಮಾಡಿದ ತಪ್ಪು. ತಲೆ-ಮುಳ್ಳು ಬೇಯಿಸಿ, ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಗಟ್ಟಿಯನ್ನು ಮಾತ್ರ ಅರೆಯುತ್ತಿದ್ದೆ. ಮೀನನ್ನು ಕರೆಯುವ ರುಚಿ, ವಾಸನೆ, ನೀರಲ್ಲಿ ಕರಗುವ ಪ್ರೋಟೀನ್ ಎಲ್ಲ ಆ ನೀರಿನಲ್ಲೇ ಇರುತ್ತದೆ. ತೆಂಗಿನ ಮರಕ್ಕೆ ಒಳ್ಳೆಯದಾಯಿತು, ಮರಿಗೆ ಹಿಂಡಿದ ಚರಟ ಸಿಕ್ಕಿತು. ಈಗ ಆ ನೀರನ್ನು ಆರಲು ಬಿಟ್ಟು, ಮೇಲೆ ಬಂದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ಉಳಿದದ್ದನ್ನು ಅರ್ಧಕ್ಕೆ ಬತ್ತಿಸಿ, ಅದರಲ್ಲೇ ಹಿಟ್ಟು ಕಲೆಸುತ್ತೇನೆ. ಸಿಗಡಿಯ ತಲೆ ಸಿಕ್ಕರೆ ಒಂದು ಹಿಡಿ ಅದರಲ್ಲೇ ಕುದಿಸಿ. ಉಗುಳುವುದು ನಿಲ್ಲುತ್ತದಾ ನೋಡಿ.

ತಿನ್ನುತ್ತದೆ, ಆದರೆ ತೂಕ ಬರುತ್ತಿಲ್ಲ

ಇದು ಎಲ್ಲಕ್ಕಿಂತ ಮೋಸದ ದೋಷ. ಮರಿ ಚುರುಕಾಗಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಸಾವೂ ಇಲ್ಲ. ಹತ್ತು ದಿನಕ್ಕೊಮ್ಮೆ ಇಪ್ಪತ್ತು ಮೂವತ್ತು ಮರಿ ತೂಗುವ ಅಭ್ಯಾಸ ಇಲ್ಲದವರಿಗೆ ತಿಂಗಳು ಕಳೆದರೂ ಗೊತ್ತಾಗುವುದಿಲ್ಲ.

ಕಾರಣ ಬಹುತೇಕ ಮುಳ್ಳು. ಮಾರ್ಕೆಟ್ಟಿನಲ್ಲಿ ನಮಗೆ ಸಿಗುವುದು ತಲೆ, ನಡುಮುಳ್ಳು, ರೆಕ್ಕೆ, ಕರುಳು. ಮಾಂಸ ಗಿರಾಕಿಯ ಚೀಲಕ್ಕೆ ಹೋಗಿರುತ್ತದೆ. ಒಳ್ಳೆಯ ಮೀನಿನ ಹಿಟ್ಟಿನಲ್ಲಿ ಶೇ. 60–65 ಪ್ರೋಟೀನ್ ಇದ್ದರೆ, ತಲೆ-ಮುಳ್ಳು ಒಣಗಿಸಿ ಬೀಸಿದ ಪುಡಿಯಲ್ಲಿ ಅಷ್ಟು ಇರುವುದಿಲ್ಲ. ಜಾಗವನ್ನೆಲ್ಲ ಮೂಳೆಯ ಬೂದಿ ಹಿಡಿದಿರುತ್ತದೆ. ಚೀಲದ ಮೇಲೆ ಎರಡಕ್ಕೂ "ಮೀನಿನ ಪುಡಿ" ಅಂತಲೇ ಬರೆದಿರುತ್ತದೆ, ಅಲ್ವಾ?

ಮನೆಯಲ್ಲೇ ನೋಡುವ ರೀತಿ ಹೀಗೆ. ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ, ಜೋರಾಗಿ ಕಲಕಿ, ಹತ್ತು ಎಣಿಸಿ, ಮೇಲಿನ ನೀರನ್ನು ನಿಧಾನಕ್ಕೆ ಬಗ್ಗಿಸಿ. ಮಾಂಸದ ಪುಡಿ ಹಗುರ, ನೀರಿನ ಜೊತೆ ಹೋಗುತ್ತದೆ. ಮೂಳೆ, ಮರಳು ಮೊದಲು ಕೂರುತ್ತವೆ. ಇದನ್ನು ಮೂರು ಸಲ ಮಾಡಿ ತಳದಲ್ಲಿ ಉಳಿದದ್ದನ್ನು ಬೆರಳಿಗೆ ತೆಗೆದುಕೊಳ್ಳಿ. ಬಿಳಿಯ ಚೂಪು ಚೂರುಗಳು ಮೂಳೆ. ಹೊಳೆಯುವ ಕಾಳು ಮರಳು. ಉಗುರಿನ ನಡುವೆ ಒತ್ತಿದರೆ ಮೂಳೆ ಪುಡಿಯಾಗುತ್ತದೆ, ಮರಳು ಕರಕರ ಅನ್ನುತ್ತದೆ. ಅದರ ಮೇಲೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಚಿಪ್ಪಿನ ಚೂರೂ ಇದೆ. ಮರಳು ಕಂಡರೆ ಆಶ್ಚರ್ಯ ಬೇಡ, ಕಡಲ ದಂಡೆಯ ಮರಳ ಮೇಲೇ ಹರವಿ ಒಣಗಿಸಿದ ಮೀನಾಗಿರುತ್ತದೆ. ಕಾಸು ಕೊಟ್ಟು ದಂಡೆಯನ್ನೇ ಮನೆಗೆ ತಂದ ಹಾಗೆ.

ಸರಿಪಡಿಸುವುದು ಕಷ್ಟವಲ್ಲ. ಬೇಯಿಸಿದ ತಲೆಯನ್ನು ಬಿದಿರಿನ ಜರಡಿಯ ಮೇಲೆ ಉಜ್ಜಿ. ಕೆನ್ನೆ, ಕುತ್ತಿಗೆಯ ಮಾಂಸ ಕೆಳಗಿಳಿಯುತ್ತದೆ, ಮೂಳೆ ಮೇಲೆ ನಿಲ್ಲುತ್ತದೆ. ಇಸ್ವಾಣದಂಥ (ಅಂಜಲ್) ದೊಡ್ಡ ಮೀನಿನ ತಲೆಯಲ್ಲಿ ಎಷ್ಟು ಮಾಂಸ ಇರುತ್ತದೆ ಅಂತ ಸಾರು ಮಾಡುವವರಿಗೆ ಗೊತ್ತು. ಹೀಗೆ ಜರಡಿ ಹಿಡಿಯದ ತಲೆ-ಮುಳ್ಳಿನ ಪುಡಿಯನ್ನು ಒಣ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ನಾನು ಹಾಕುವುದಿಲ್ಲ.

ಮೂಳೆಯ ಇನ್ನೊಂದು ಕಾಟ ಕಣ್ಣಿನಲ್ಲಿ ಕಾಣುತ್ತದೆ. ಮರಿಗಳ ಎರಡೂ ಕಣ್ಣಿನ ಒಳಗಿನ ಮಣಿ ಬೆಳ್ಳಗೆ, ಹಾಲು ಬಿದ್ದ ಹಾಗೆ ಆಗಿದ್ದರೆ ಸತುವಿನ ಕೊರತೆ ಇರಬಹುದು. ಆಹಾರದಲ್ಲಿ ಸತು ಇದ್ದರೂ ಮೂಳೆಯ ಕ್ಯಾಲ್ಸಿಯಂ-ರಂಜಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರಿಯ ಮೈಗೆ ಹತ್ತಲು ಬಿಡುವುದಿಲ್ಲ. ಸೋಯಾದಲ್ಲಿರುವ ಫೈಟೇಟ್ ಕೂಡ ಅದೇ ಕೆಲಸ ಮಾಡುತ್ತದೆ. ಅಂದರೆ ಮುಳ್ಳಿನ ಪುಡಿ, ಸೋಯಾ ಎರಡೂ ಜಾಸ್ತಿ ಇರುವ ನಮ್ಮಂಥವರ ಮಿಶ್ರಣಕ್ಕೆ ಎರಡು ಕಡೆಯಿಂದ ಪೆಟ್ಟು. ಒಂದೇ ಕಣ್ಣು, ಅದೂ ಮೇಲ್ಪದರ ಮಾತ್ರ ಬೆಳ್ಳಗಾಗಿದ್ದರೆ ಅದು ಬಲೆ ತಾಗಿದ ಗಾಯವಿರಬಹುದು, ಅಥವಾ ಪರೋಪಜೀವಿಯ ಕೆಲಸ. ಆಹಾರದ ತಲೆಗೆ ಕಟ್ಟಬೇಡಿ. ಪೂರಾ ಬೆಳ್ಳಗಾದ ಮಣಿ ಮತ್ತೆ ತಿಳಿಯಾಗುವುದಿಲ್ಲ. ಕುರುಡು ಮರಿ ಗುಳಿಗೆಯನ್ನು ಹಾರಿ ಹಿಡಿಯುವುದೂ ಇಲ್ಲ. ಉಳಿದವುಗಳಿಗಾಗಿ ಮೂಳೆ ಕಮ್ಮಿ ಮಾಡಿ, ಖನಿಜದ ಪುಡಿಯಲ್ಲಿ ಸತು ಇದೆಯಾ ಅಂತ ಪೊಟ್ಟಣ ಓದಿ.

ಗಿರಗಿರ ಸುತ್ತುತ್ತದೆ

ಒಂದು ಏಪ್ರಿಲ್ ಸಂಜೆ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಹಲಗೆಯ ಮೇಲೆ ನನ್ನ ಹೆಜ್ಜೆ ಸಪ್ಪಳ ಆದದ್ದೇ ತಡ, ಹಾಪಾದ ಮೇಲ್ಗಡೆ ಇದ್ದ ಏಳೆಂಟು ಮರಿಗಳು ಬುಗುರಿಯ ಹಾಗೆ ಸುತ್ತಿ, ಮಗ್ಗುಲಾಗಿ ಬಿದ್ದು, ಮತ್ತೆ ಸಾವರಿಸಿಕೊಂಡು ಈಜಿದವು. ಮೈಮೇಲೆ ಗಾಯ ಇಲ್ಲ, ಕಿವಿರು ಕೆಂಪಗೇ ಇದೆ.

ಆ ತಿಂಗಳು ತಾರ್ಲೆ ಅಗ್ಗಕ್ಕೆ ಸಿಕ್ಕಿತ್ತು. ಬೇಯಿಸುವ ಗ್ಯಾಸ್ ಉಳಿಸೋಣ ಅಂತ ಹಸಿ ತಲೆ, ಕರುಳನ್ನೇ ಅರೆದು, ವಿಟಮಿನ್ ಕಲೆಸಿ, ಮುದ್ದೆ ಕಟ್ಟಿ ಫ್ರೀಜರ್‌ನಲ್ಲಿ ಇಟ್ಟಿದ್ದೆ. ತಾರ್ಲೆ ಬಳಗದ ಹಲವು ಮೀನುಗಳಲ್ಲಿ, ಕೆಲವು ಚಿಪ್ಪಿಕಲ್ಲಿನಲ್ಲೂ, ಥಯಾಮಿನೇಸ್ ಅನ್ನುವ ಕಿಣ್ವ ಇರುತ್ತದೆ. ಬಿ1 ವಿಟಮಿನ್ ಅನ್ನು ಅದು ಒಡೆದು ಹಾಕುತ್ತದೆ. ಫ್ರೀಜರ್ ಅದನ್ನು ಕೊಲ್ಲುವುದಿಲ್ಲ. ನಾನು ದುಡ್ಡು ಕೊಟ್ಟು ಹಾಕಿದ ವಿಟಮಿನ್ ಮುದ್ದೆಯ ಒಳಗೇ ಖಾಲಿಯಾಗುತ್ತಿತ್ತು. ಚೆನ್ನಾಗಿ ಬೇಯಿಸಿದರೆ ಮಾತ್ರ ಆ ಕಿಣ್ವ ಸಾಯುತ್ತದೆ. ತುಂಡಿನ ನಡುಭಾಗವೂ ಬೇಯಬೇಕು, ಬರೀ ಮೇಲೆ ಬಿಸಿನೀರು ಹೊಯ್ದರೆ ಆಗದು.

ಆದರೆ ಸುತ್ತುವುದೆಲ್ಲ ಬಿ1 ಕೊರತೆ ಅಂತ ನಂಬಿ ಕೂರಬೇಡಿ. ಚೋಣಕ್ ಮರಿಗಳಿಗೆ ನರಕ್ಕೆ ಬರುವ ವೈರಸ್ ರೋಗ ಒಂದಿದೆ, ವಿಎನ್‌ಎನ್ ಅನ್ನುತ್ತಾರೆ. ಅದರಲ್ಲೂ ಸುತ್ತುತ್ತವೆ, ಹೊಟ್ಟೆ ಮೇಲಾಗಿ ತೇಲುತ್ತವೆ. ಅದು ಪುಟ್ಟ ಮರಿಗಳನ್ನೇ ಜಾಸ್ತಿ ಹಿಡಿಯುತ್ತದೆ, ದಿನದಿಂದ ದಿನಕ್ಕೆ ಸಾವು ಏರುತ್ತದೆ. ಆಹಾರ ಬದಲಿಸಿದರೂ ಕೇಳುವುದಿಲ್ಲ. ಬಿ1 ಕೊರತೆಯಾದರೆ ಅಂಗಡಿಯ ಪೆಲೆಟ್ ಕೊಟ್ಟ ಕೆಲವು ದಿನಗಳಲ್ಲಿ, ಇನ್ನೂ ತಿನ್ನುವ ಶಕ್ತಿ ಇರುವ ಮರಿಗಳು ಸುಧಾರಿಸುತ್ತವೆ. ನನ್ನವು ಸುಧಾರಿಸಿದವು. ಅಲ್ಲಿಯವರೆಗೆ ಕಾಯುವಾಗ ಆ ಹಾಪಾದ ಬಲೆ, ಬಕೆಟ್ ಯಾವುದನ್ನೂ ಬೇರೆ ಹಾಪಾಕ್ಕೆ ಮುಟ್ಟಿಸಬೇಡಿ. ಸಾವು ಏರಿದರೆ ಮರಿಯನ್ನು ಪರೀಕ್ಷೆಗೆ ಕೊಡಿ.

ಪಿತ್ತಜನಕಾಂಗ ಹಳದಿ

ಸೊರಗಿದ ಮರಿ ಒಂದನ್ನು ಕೊಯ್ದು ನೋಡಲು ಹಿಂಜರಿಯಬೇಡಿ. ಕಿವಿರು ಬಿಳಿಚಿಕೊಂಡು, ಪಿತ್ತಜನಕಾಂಗ ಹಳದಿಗೆ ತಿರುಗಿ ಬೆರಳಿಗೆ ಜಿಡ್ಡು ಹತ್ತಿದರೆ, ಆಹಾರದ ಎಣ್ಣೆ ಕಮಟಾಗಿದೆ. ಇದು ಜೂನ್, ಜುಲೈನ ಕಾಯಿಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬೈತ್‌ಖೋಲ್ ಬಂದರು ಖಾಲಿ. ನಾವು ಮೇ ತಿಂಗಳಲ್ಲಿ ಮಾಡಿಟ್ಟ ಚೀಲ ಬಿಚ್ಚುತ್ತೇವೆ. ಮಳೆಯ ತೇವ, ಮೀನಿನ ಎಣ್ಣೆ, ಎರಡು ತಿಂಗಳು. ಮೂಗಿಗೆ ಹಳೇ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಅಲ್ಲಿಗೆ ಮುಗಿಯಿತು. ಕಮಟು ಎಣ್ಣೆ ಇ ವಿಟಮಿನ್ ಅನ್ನೂ ತಿಂದು ಹಾಕುತ್ತದೆ. ಹೊಸ ಎಣ್ಣೆ ಸುರಿದು ವಾಸನೆ ಮುಚ್ಚುವ ಜಾಣತನ ಬೇಡ.

ಒಣಗಿಸುವಾಗಲೇ ಎಚ್ಚರ ಬೇಕು. ಬಿಸಿಲಿಗೆ ನೇರವಾಗಿ ಹರವಿದರೆ ಎಣ್ಣೆ ಬೇಗ ಕೆಡುತ್ತದೆ. ನೆರಳು, ಫ್ಯಾನ್ ಗಾಳಿ ಸಾಕು. ಬೇಯಿಸಿದ ನೀರಿನಿಂದ ಎಣ್ಣೆ ತೆಗೆಯುವುದು ಅಂದೆನಲ್ಲ, ಅದರ ಅರ್ಧ ಕಾರಣ ಇದು. ಹಸಿರು ಬೂಷ್ಟು ಕಂಡ ಚೀಲವನ್ನು ಮೇಲ್ಗಡೆ ಬಳಿದು ಉಳಿದದ್ದು ಹಾಕುವುದೂ ಬೇಡ.

ಡ್ರಮ್ಮು ನಾರುತ್ತಿದೆ, ಅಥವಾ ಕರಗುತ್ತಲೇ ಇಲ್ಲ

ವೇಸ್ಟ್ ಒಂದೇ ದಿನ ಜಾಸ್ತಿ ಸಿಕ್ಕಾಗ ಆಮ್ಲ ಹಾಕಿ ಇಡುತ್ತೇವೆ, ಸೈಲೇಜ್. ಫಾರ್ಮಿಕ್ ಆಮ್ಲ ಹುಡುಕಿ ಅಲೆಯಬೇಕಿಲ್ಲ. ರಬ್ಬರ್ ಹಾಲು ಹೆಪ್ಪುಗಟ್ಟಿಸುವುದಕ್ಕೂ ಅದನ್ನೇ ಬಳಸುತ್ತಾರೆ, ರಬ್ಬರ್ ತೋಟದವರನ್ನು ಕೇಳಿದರೆ ಅಂಗಡಿ ತೋರಿಸುತ್ತಾರೆ. ಅರೆದ ವೇಸ್ಟ್ 100 ಕೆಜಿಗೆ ಶೇ. 85ರ ಆಮ್ಲ ಸುಮಾರು 3 ಲೀಟರ್. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣ ಬೇಡ. ಕೈಗವಸು, ಕನ್ನಡಕ ಹಾಕಿ ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಚರ್ಮದ ಮೇಲೆ ಬಿದ್ದರೆ ಸುಡುತ್ತದೆ.

ನಾಲ್ಕನೇ ದಿನ ನಾರುತ್ತಿದ್ದರೆ ಪಿಎಚ್ ಪಟ್ಟಿ ಅದ್ದಿ. 4ಕ್ಕಿಂತ ಕೆಳಗೇ ಇರಬೇಕು. ಮೊದಲ ದಿನ ಸರಿ ಇದ್ದದ್ದು ಆಮೇಲೆ ಏರಿದ್ದರೆ ಡ್ರಮ್ಮಿನಲ್ಲಿ ತಲೆ ಜಾಸ್ತಿ ಇದೆ ಅಂತ ಅರ್ಥ. ಮೂಳೆಯ ಸುಣ್ಣ ನಿಧಾನಕ್ಕೆ ಆಮ್ಲವನ್ನು ಕುಡಿಯುತ್ತದೆ. ಅದಕ್ಕೇ ಎರಡನೇ ದಿನ, ಮೂರನೇ ದಿನ ಮತ್ತೆ ಅಳೆಯಬೇಕು, ಬೇಕಾದರೆ ಆಮ್ಲ ಸೇರಿಸಬೇಕು. ಆದರೆ ಒಮ್ಮೆ ಕೊಳೆತ ವಾಸನೆ ಬಂದ ಮೇಲೆ ಆಮ್ಲ ಸುರಿದು ಪ್ರಯೋಜನವಿಲ್ಲ. ಪಿಎಚ್ ಸರಿ ಇದ್ದೂ ಒಂದು ಮೂಲೆ ಮಾತ್ರ ನಾರಿದರೆ ಅಲ್ಲಿ ಆಮ್ಲ ಮುಟ್ಟದ ಗಂಟು ಉಳಿದಿದೆ. ದಿನಕ್ಕೆರಡು ಸಲ ತಳದಿಂದ ಕಲಕಿ.

ಕರಗದಿದ್ದರೆ? ಮೀನನ್ನು ಕರಗಿಸುವುದು ಆಮ್ಲ ಅಲ್ಲ, ಮೀನಿನ ಕರುಳಿನ ಕಿಣ್ವ. ಬರೀ ತಲೆ ಹಾಕಿದರೆ ವಾರವಾದರೂ ತಲೆಯಾಗಿಯೇ ಇರುತ್ತದೆ. ಸ್ವಲ್ಪ ಹಸಿ ಕರುಳು ಸೇರಿಸಿ. ಮೊದಲೇ ಬೇಯಿಸಿದ ವೇಸ್ಟ್ ಹಾಕಿದ್ದರೂ ಹೀಗೇ, ಕಿಣ್ವ ಸತ್ತಿರುತ್ತದೆ. ಕರಗಿದ ಸೈಲೇಜನ್ನು ಮಿಶ್ರಣಕ್ಕೆ ಹಾಕುವ ಮುಂಚೆ ಕುದಿಸಿ. ಥಯಾಮಿನೇಸ್ ಪಾಠ ಇಲ್ಲೂ ಅದೇ.

ತುಂಬ ಹಳೆಯದಾದ ಸೈಲೇಜೂ ದೋಷವೇ. ಪ್ರೋಟೀನ್ ಪೂರಾ ಚೂರುಚೂರಾಗಿ ನೀರಿಗೆ ಬಿದ್ದ ಕೂಡಲೇ ಗುಳಿಗೆಯಿಂದ ಸೋರಿಹೋಗುತ್ತದೆ. ಸ್ವಲ್ಪ ಇದ್ದರೆ ರುಚಿ, ಜಾಸ್ತಿಯಾದರೆ ಬೆಳವಣಿಗೆಗೆ ಅಡ್ಡಿ. ಒಣ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಭಾಗಕ್ಕೆ ನಿಲ್ಲಿಸುತ್ತೇನೆ.

ಕೊನೆಗೆ, ಬಕೆಟ್

ಮೇಲಿನದೆಲ್ಲ ಸರಿ ಇದ್ದೂ ಮರಿ ಸೊರಗುತ್ತಿದ್ದರೆ ಬೆಳಿಗ್ಗೆ ನೀವೇ ಮಾರ್ಕೆಟ್‌ಗೆ ಹೋಗಿ. ಹುಡುಗನನ್ನು ಕಳಿಸಬೇಡಿ. ಮೀನು ಕೊಯ್ಯುವ ಅಕ್ಕನೊಬ್ಬರ ಹತ್ತಿರ ನಾನು ಕೇಳಿದ್ದೆ, "ಅಕ್ಕಾ, ಈ ತಲೆ ಯಾವಾಗಿಂದು?"

"ಬೆಳಿಗ್ಗೆದೇ ತಮಾ," ಅಂದರು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ. ಆಮೇಲೆ ಒಂದು ಬಂಗಡೆ ಮುಗಿಸಿ, "ಕೆಳಗಿದ್ದದ್ದು ನಿನ್ನೆ ಸಂಜೆದು," ಅಂದರು.

ಅವರದ್ದೇನೂ ಮೋಸ ಇಲ್ಲ. ನಾನು ಅಷ್ಟು ದಿನ ಮೇಲಿನದನ್ನು ಮಾತ್ರ ಮೂಸಿ ತರುತ್ತಿದ್ದೆ. ಬಂಗಡೆ, ತಾರ್ಲೆಯಂಥ ಮೀನು ಸೆಕೆಯಲ್ಲಿ ಕೆಲವು ಗಂಟೆ ಇದ್ದರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮಿನ್ ಮಾಡುತ್ತವೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮಿನ್ ಹೋಗುವುದಿಲ್ಲ. ಆಮ್ಲದ ಡ್ರಮ್ಮಿನಲ್ಲೂ ಹೋಗುವುದಿಲ್ಲ. ಒಲೆ, ಡ್ರಮ್ಮು, ವಿಟಮಿನ್ ಯಾವುದರಿಂದಲೂ ಹಿಂದಕ್ಕೆ ತರಲಾಗದ ದೋಷ ಇದು. ಹಾಗಾಗಿ ಈಗ ಬೆಳಿಗ್ಗೆ ಆರೂವರೆಗೆ ಎರಡು ಬಕೆಟ್ ಇಟ್ಟು ಬರುತ್ತೇನೆ. ಮುಚ್ಚಳ ಇರುವ ಬಿಳಿ ಬಕೆಟ್‌ನಲ್ಲಿ ಅರ್ಧ ಐಸ್. ಕೊಯ್ದ ಕೂಡಲೇ ತಲೆ, ಮುಳ್ಳು ಅದಕ್ಕೆ ಬೀಳಬೇಕು, ಹನ್ನೊಂದಕ್ಕೆ ನಾನೇ ಎತ್ತಿಕೊಳ್ಳುತ್ತೇನೆ. ಐಸಿನ ದುಡ್ಡು ನನ್ನದು. ನೀಲಿ ಬಕೆಟ್ ನಿನ್ನೆಯದಕ್ಕೆ, ಹೊಟ್ಟೆ ಒಡೆದ ತಾರ್ಲೆಗೆ, ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದಕ್ಕೆ. ಚೋಣಕ್ ಕೊಯ್ದ ತಲೆ-ಕರುಳೂ, ಎಷ್ಟೇ ತಾಜಾ ಇರಲಿ, ನೀಲಿಗೇ ಹೋಗಬೇಕು. ಒಂದೇ ಜಾತಿಯ ವೇಸ್ಟನ್ನು ಅದೇ ಜಾತಿಗೆ ತಿನ್ನಿಸಿದರೆ ಅದರ ರೋಗವನ್ನು ನಾವೇ ಮನೆಗೆ ಕರೆದ ಹಾಗೆ. ನೀಲಿ ಬಕೆಟ್ ಸೀದಾ ತೋಟಕ್ಕೆ, ತೆಂಗಿನ ಬುಡದ ಗುಂಡಿಗೆ.